ಗಂಧದ ಕಾಯಿಲೆಯೂ ಕ್ಯಾನ್ವಾಸಿಗೆ ಬರಲಿ

ಶ್ರೀಗಂಧ ಎಂದಕೂಡಲೇ ನಮಗೆ ನೆನಪಾಗುವುದು ಕಳ್ಳಸಾಗಣೆ, ವೀರಪ್ಪನ್. ಅದರ ಮೇಲೆ ಸಿನಿಮಾಗಳೂ ಬಂದಿವೆ. ಆದರೆ ಈ ಮರವನ್ನು ಸದ್ದಿಲ್ಲದೆ ಕೊಲ್ಲುತ್ತಿರುವ ಸ್ಪೈಕ್ ರೋಗದ ಬಗ್ಗೆ ಒಂದು ಕಿರುಚಿತ್ರವನ್ನೂ ನಾನು ಕಂಡಿಲ್ಲ (ನಮ್ಮ ಚಿತ್ರರಂಗದ ಅಡ್ಡಹೆಸರೇ ಸ್ಯಾಂಡಲ್‌ವುಡ್!).

1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ರೋಗವಿದು. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಹರಡುವುದು ರಸ ಹೀರುವ ಕೀಟಗಳಿಂದ. ಎಲೆಗಳು ಕಿರಿದಾಗುತ್ತಾ ಮುಳ್ಳಿನಂತೆ ಸೆಟೆದು ನಿಲ್ಲುತ್ತವೆ. ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ. ವಾಸಿ ಮಾಡುವ ಮದ್ದು ಇನ್ನೂ ಸಿಕ್ಕಿಲ್ಲ.

ಇಂಗ್ಲೆಂಡಿನ ಆ್ಯಶ್ ಮರಗಳು ಶಿಲೀಂಧ್ರ ರೋಗದಿಂದ ಸಾಯತೊಡಗಿದಾಗ, ಅಲ್ಲಿನ ಕೆಂಟ್‌ನಲ್ಲಿ ಕಲಾವಿದರು ಅದೇ ಮರದ 10,000 ಬಾಣಗಳನ್ನು ಬಳಸಿ ಶಿಲ್ಪ ನಿಲ್ಲಿಸಿದರು. ನಮ್ಮಲ್ಲಿ ಕೈಚಳಕಕ್ಕೆ ಬರವೇ? ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದಲ್ಲಿ ದೇವರು, ಆನೆ, ಬಳ್ಳಿ ಕೆತ್ತಿದ್ದಾರೆ. ಆ ಬಳ್ಳಿಯ ಪಕ್ಕ ಸೆಟೆದ ಎಲೆಯ ರೆಂಬೆಯೊಂದನ್ನೂ ಕೆತ್ತಬಹುದಲ್ಲ?

ಕಲೆಯಿಂದ ರೋಗ ವಾಸಿಯಾಗದು, ನಿಜ. ಆದರೆ 2001ರ ಕಾನೂನು ತಿದ್ದುಪಡಿಯ ನಂತರ ಎಷ್ಟೋ ರೈತರು ಗಂಧ ನೆಟ್ಟಿದ್ದಾರೆ. ಅವರೂರಿನ ಬಸ್ ನಿಲ್ದಾಣದ ಗೋಡೆಯಲ್ಲಿ ರೋಗದ ಎಲೆಯ ದೊಡ್ಡ ಚಿತ್ರವಿದ್ದರೆ, ತಮ್ಮ ಹೊಲದಲ್ಲಿ ಅದನ್ನು ಬೇಗ ಗುರುತಿಸಿ, ಆ ಮರ ಕಿತ್ತು, ಪಕ್ಕದ್ದನ್ನು ಉಳಿಸಿಕೊಳ್ಳಲು ನೋಡಬಹುದು. ಚಿತ್ರಕಲೆ ಓದುತ್ತಿರುವ ಗೆಳೆಯರೇ, ಈ ಸಲದ ಪ್ರಾಜೆಕ್ಟಿಗೆ ಇದನ್ನು ಯೋಚಿಸಿ.