ಮಣ್ಣಿಗೆ ಮರಳುವುದು ಯಾವುದು?

ಮಕ್ಕಳೇ, ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಬಾಳೆಲೆಗಳನ್ನು ಎಲ್ಲಿ ಹಾಕುತ್ತಾರೆಂದು ನೋಡಿದ್ದೀರಾ? ಅವು ತೋಟದ ಗುಂಡಿ ಸೇರಿ ಗೊಬ್ಬರವಾಗುತ್ತವೆ. ಪ್ಲಾಸ್ಟಿಕ್ ಲೋಟ ಹಾಗಲ್ಲ. ಅದು ಬಹುಕಾಲ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇರಳದಲ್ಲಿ 2020 ಜನವರಿ 1ರಿಂದ, ದೇಶದಾದ್ಯಂತ 2022 ಜುಲೈ 1ರಿಂದ ನಿಷೇಧಿಸಲಾಗಿದೆ.

ಇದರ ಬದಲಿಗೆ ಜೈವಿಕ ಪ್ಲಾಸ್ಟಿಕ್ ಬಂದಿದೆ. ಸಾಮಾನ್ಯ ಪ್ಲಾಸ್ಟಿಕಿಗೆ ಪೆಟ್ರೋಲಿಯಂ, ನೈಸರ್ಗಿಕ ಅನಿಲಗಳು ಮೂಲವಾದರೆ, ಇದಕ್ಕೆ ಮೆಕ್ಕೆಜೋಳ, ಕಬ್ಬು, ಮರಗೆಣಸು ಮೊದಲಾದ ಬೆಳೆಗಳು ಮೂಲ. ಪಿ.ಎಲ್.ಎ. ಎಂಬುದು ಇಂತಹ ಒಂದು ಪ್ಲಾಸ್ಟಿಕ್. ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಬ್ಯಾಕ್ಟೀರಿಯಾಗಳಿಂದ ಹುಳಿ ಬರಿಸುತ್ತಾರೆ. ಆಗ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರು ಹುಳಿಯಾಗುವುದೂ ಇದೇ ಆಮ್ಲದಿಂದ! ಅದರ ಅಣುಗಳನ್ನು ಹೂಮಾಲೆಯಂತೆ ಉದ್ದಕ್ಕೆ ಪೋಣಿಸಿದರೆ ಪಿ.ಎಲ್.ಎ. ಸಿದ್ಧ.

ಒಂದು ಜೂನ್ ತಿಂಗಳಲ್ಲಿ ನನ್ನ ತರಗತಿಯ ಮಕ್ಕಳು ಶಾಲೆಯ ಗೊಬ್ಬರದ ಗುಂಡಿಯಲ್ಲಿ ಎರಡು ವಸ್ತುಗಳನ್ನು ಹೂತರು. ಒಂದು ಅಡಿಕೆ ಹಾಳೆಯ ತಟ್ಟೆ. ಇನ್ನೊಂದು, ‘ಕೊಳೆತು ಗೊಬ್ಬರವಾಗುತ್ತದೆ’ ಎಂದು ಬರೆದಿದ್ದ ಪಿ.ಎಲ್.ಎ. ಲೋಟ. ಮಾರ್ಚ್ ತಿಂಗಳಲ್ಲಿ ಅಗೆದು ನೋಡಿದೆವು. ತಟ್ಟೆಯ ಗುರುತೇ ಇರಲಿಲ್ಲ. ಲೋಟ ಮಾತ್ರ ಹೂತಂತೆಯೇ ಇತ್ತು.

“ಟೀಚರ್, ಲೋಟದಲ್ಲಿ ಬರೆದದ್ದು ಸುಳ್ಳಾ?” ಎಂದು ಒಬ್ಬಳು ಕೇಳಿದಳು.

ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಪಿ.ಎಲ್.ಎ. ಬೇಗನೆ ಕೊಳೆಯಬೇಕಾದರೆ ತೇವ ಮತ್ತು ಸೂಕ್ಷ್ಮಜೀವಿಗಳ ಜೊತೆಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯೂ ಬೇಕು. ದೊಡ್ಡ ಗೊಬ್ಬರ ಘಟಕಗಳಲ್ಲಿ ಅದು ಸಾಧ್ಯ. ನಮ್ಮ ಹಿತ್ತಿಲ ಗುಂಡಿಯಲ್ಲಿ ಅಷ್ಟು ಬಿಸಿ ಬಹಳ ದಿನ ನಿಲ್ಲುವುದಿಲ್ಲ. ತೋಡಿನ ನೀರಿನಲ್ಲಿ, ಸಮುದ್ರದಲ್ಲಿ ಅದು ಸಿಗುವುದೇ ಇಲ್ಲ. ಗಿಡದಿಂದ ಮಾಡಿದ್ದೆಲ್ಲ ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ನಂಬಬೇಡಿ. ಕಬ್ಬಿನಿಂದ ತಯಾರಿಸುವ ಪಾಲಿಥೀನ್ ಕೂಡ ಸಾಮಾನ್ಯ ಪಾಲಿಥೀನಿನಂತೆಯೇ ಉಳಿದುಬಿಡುತ್ತದೆ.

ಹಾಗಾದರೆ ಜೈವಿಕ ಪ್ಲಾಸ್ಟಿಕ್ ಬೇಡವೇ? ಬೇಕು. ಲ್ಯಾಕ್ಟಿಕ್ ಆಮ್ಲವನ್ನು ಬಳಸಿ ಮಾಡಿದ ನೂಲಿನಿಂದ ವೈದ್ಯರು ಗಾಯಕ್ಕೆ ಹೊಲಿಗೆ ಹಾಕುತ್ತಾರೆ. ಅದು ಮೆಲ್ಲನೆ ದೇಹದಲ್ಲೇ ಕರಗುತ್ತದೆ. ಹೊಲಿಗೆ ಬಿಚ್ಚುವ ನೋವಿಲ್ಲ. ಬೇರೆ ದಾರಿಯಿಲ್ಲದ ಕಡೆ ಇಂತಹ ವಸ್ತುಗಳು ಬರಲಿ. ಆದರೆ ಐದು ನಿಮಿಷದಲ್ಲಿ ಶರಬತ್ತು ಕುಡಿದು ಎಸೆಯುವ ಲೋಟಕ್ಕಾಗಿ ಹೊಲದ ಬೆಳೆಯನ್ನು ವ್ಯಯಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ತೋಟದಲ್ಲಿ ತಾನಾಗಿ ಬೀಳುವ ಹಾಳೆಯಿದೆ. ನಮ್ಮ ಹಿರಿಯರು ಅದರಿಂದಲೇ ಮುಟ್ಟಾಳೆ, ಬೀಸಣಿಗೆಗಳನ್ನು ಮಾಡಿಕೊಂಡರು. ಮನೆಯಲ್ಲಿ ತೊಳೆದು ಬಳಸುವ ಸ್ಟೀಲ್ ಲೋಟವೂ ಇದೆ.

ಬಿಸಾಡುವ ವಸ್ತು ಬದಲಾದರೆ ಸಾಲದು, ಬಿಸಾಡುವ ಅಭ್ಯಾಸವೂ ಬದಲಾಗಬೇಕು. ಮುಂದಿನ ಬಾರಿ ಶಾಲೆಯಲ್ಲಿ ಪಾಯಸ ಹಂಚುವ ದಿನ ಮನೆಯಿಂದಲೇ ಲೋಟ ತನ್ನಿರಿ. ನಿಮ್ಮ ಶಾಲೆಯ ಗುಂಡಿಯಲ್ಲೂ ತಟ್ಟೆ, ಲೋಟಗಳನ್ನು ಹೂತು ನೋಡಿರಿ. ನಾನು ಹೇಳಿದ್ದು ಸರಿಯೋ ತಪ್ಪೋ, ಅಗೆದು ನೋಡಿದ ಮೇಲೆ ನೀವೇ ತೀರ್ಮಾನಿಸಿರಿ.