ಕಾಯುವ ಶಕ್ತಿ ಯಾರಿಗಿದೆ?

ಬಡವ-ಶ್ರೀಮಂತರ ಅಂತರದ ಮಾತೆತ್ತಿದರೆ ಸಾಕು, "ಐದು ಬೆರಳೂ ಒಂದೇ ಸಮ ಇರುತ್ತವಾ?" ಎಂದು ಬಾಯಿ ಮುಚ್ಚಿಸುವವರು ನಮ್ಮಲ್ಲಿ ಬಹಳ ಮಂದಿ. ಇರುವುದಿಲ್ಲ, ನಿಜ. ಆದರೆ ಯಾವ ಬೆರಳೂ ತೆಂಗಿನ ಮರದಷ್ಟು ಉದ್ದ ಬೆಳೆಯುವುದೂ ಇಲ್ಲವಲ್ಲ! ದುಡಿಮೆ, ಜಾಣ್ಮೆ, ಅದೃಷ್ಟದಿಂದ ಆಗುವ ವ್ಯತ್ಯಾಸ ಒಂದಿಷ್ಟು ಉಳಿದೇ ಉಳಿಯುತ್ತದೆ. ನನಗೆ ಕಾಣುವಂತೆ ದೊಡ್ಡ ಅಂತರ ಹುಟ್ಟುವುದು ಬೇರೆ ಕಡೆ. ಯಾರಿಗೆ ನಾಳೆಯವರೆಗೆ ಕಾಯುವ ಶಕ್ತಿ ಇದೆ, ಯಾರಿಗಿಲ್ಲ ಎಂಬಲ್ಲಿ.

ಹಿಂದೂಪುರದ ಹತ್ತಿರದ ಪರಿಗಿಯನ್ನೇ ನೋಡಿ. ಆಂಧ್ರಕ್ಕೆ ಸೇರಿದ್ದರೂ ಕರ್ನಾಟಕದ ಗಡಿಗೆ ಅಂಟಿಕೊಂಡ ಸೀಮೆ. ತುಮಕೂರು ಕಡೆಯಿಂದ ಜಯಮಂಗಲಿ ಹೊಳೆ ಬರುತ್ತದೆ, ಆದರೂ ಬರ ತಪ್ಪಿದ್ದಲ್ಲ. ಈ ಭಾಗದ ರೈತರಿಗೆ ರೇಷ್ಮೆ ಒಂದು ಆಸರೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ನಿದ್ದೆಗೆಟ್ಟು ಹುಳು ಸಾಕಿದವನು ಗೂಡು ಬಿಡಿಸಿದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ. ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ಬಿಚ್ಚಲಾಗದು. ಹಾಗಾಗಿ ಅವತ್ತಿನ ಮಾರುಕಟ್ಟೆಯಲ್ಲಿ ಎದ್ದ ಬೆಲೆಯೇ ಬೆಲೆ. ಬಂಡವಾಳ ಇರುವ ಕೊಳ್ಳುವವನಿಗೆ ನಾಳೆಯೂ ಒಂದು ಹರಾಜು ಇದೆ. (ಸಣ್ಣ ನೂಲು ಬಿಚ್ಚುವವನೂ ಸಾಲಗಾರನೇ, ಅದು ಬೇರೆ ಮಾತು.) ಆಗಿನ ಮೈಸೂರು ರಾಜ್ಯ 1959ರಲ್ಲಿ ಗೂಡಿನ ವ್ಯಾಪಾರಕ್ಕೆ ಕಾನೂನು ತಂದದ್ದು ಸುಮ್ಮನೆ ಅಲ್ಲ. ನಾಲ್ಕು ಜನರೆದುರು ಹರಾಜಾದರೆ ರೈತನಿಗೆ ಸ್ವಲ್ಪವಾದರೂ ರಕ್ಷಣೆ.

ಕೂಲಿಯವರಿಗೆ ಕಾಯುವ ಶಕ್ತಿ ಕೊಟ್ಟದ್ದು ಉದ್ಯೋಗ ಖಾತರಿ. 2006ರ ಫೆಬ್ರವರಿ 2ರಂದು ಅದು ಆರಂಭವಾದದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಪರಿಗಿಯೂ ಆಗ ಅದೇ ಜಿಲ್ಲೆಯಲ್ಲಿತ್ತು. ಮನೆಯೊಂದಕ್ಕೆ ವರ್ಷಕ್ಕೆ 100 ದಿನ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. "ಇಷ್ಟು ಕಡಿಮೆಗೆ ನಾನು ಬರುವುದಿಲ್ಲ" ಎನ್ನಲು ಒಂದು ಆಧಾರ ಸಿಕ್ಕಿತು. ಆಳು ಸಿಗುತ್ತಿಲ್ಲ ಎಂದು ಜಮೀನುದಾರರು ಗೊಣಗಿದ್ದು ಅದಕ್ಕೇ. ಆ ಗೊಣಗಾಟವೇ ಯೋಜನೆಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟು ಎಂದು ನಾನು ಭಾವಿಸುತ್ತೇನೆ.

ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಗೇಣಿ ಒಕ್ಕಲುಗಳಲ್ಲಿ ಬ್ಯಾರಿಗಳೂ ಇದ್ದರು. ಒಕ್ಕಲೆಬ್ಬಿಸುವ ಭಯ ಹೋಯಿತು, ಮಕ್ಕಳನ್ನು ಶಾಲೆಗೆ ಕಳಿಸುವ ಧೈರ್ಯ ಬಂತು. ಅಸಮಾನತೆ ದೇವರು ಬರೆದ ಹಣೆಬರಹ ಎನ್ನುವವರು ಆ ಹತ್ತು ವರ್ಷಗಳ ಲೆಕ್ಕ ಕೊಡಬೇಕು.

ಹಾಗಂತ ಅಂತರ ಅಳಿಯಿತೇ? ಇಲ್ಲ. ಆಮೇಲೆ ಗಲ್ಫ್ ಹಣ ಬಂತು, ಪಕ್ಕಪಕ್ಕದ ಮನೆಗಳ ನಡುವೆಯೇ ಹೊಸ ಗೋಡೆ ಎದ್ದಿತು. ಗೇಣಿಗೂ ಗದ್ದೆ ಇಲ್ಲದೆ ಬೀಡಿ ಕಟ್ಟಿ ಬದುಕಿದ ಮನೆಗಳು ಹಾಗೆಯೇ ಉಳಿದವು. ಸಾವಿರ ಬೀಡಿಗೆ ಮಜೂರಿ ಎಷ್ಟೆಂದು ಕಟ್ಟುವ ಹೆಂಗಸನ್ನು ಯಾರೂ ಕೇಳುವುದಿಲ್ಲ. ಸಾಲದು ಎಂದು ಅವಳು ಎಲೆ, ಹೊಗೆಸೊಪ್ಪು ಹಿಂದಿರುಗಿಸಬಹುದು. ಆದರೆ ಮರುದಿನ ಒಲೆ ಉರಿಯಬೇಕಲ್ಲ.