ಕಟ್ಟಿಸಿದವರು ಮತ್ತು ಕಟ್ಟಿದವರು



ತಿಕೋಟಾ ಭಾಗದ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ ಒಂದು ಅಂಕದ ಪ್ರಶ್ನೆಯೊಂದನ್ನು ನಾನು ಪ್ರತಿವರ್ಷ ತಪ್ಪದೆ ಕೇಳುತ್ತಿದ್ದೆ: ‘ಗೋಳಗುಮ್ಮಟವನ್ನು ಕಟ್ಟಿಸಿದವರು ಯಾರು?’ ‘ಮಹಮ್ಮದ್ ಆದಿಲ್ ಶಾಹ’ ಎಂದು ಬರೆದರೆ ಪೂರ್ಣ ಅಂಕ. ಕಟ್ಟಿದವರು ಯಾರೆಂದು ಒಮ್ಮೆಯೂ ಕೇಳಲಿಲ್ಲ.

ಈ ಲೋಪದ ಅರಿವಾದದ್ದು ವಿಜಯಪುರದ ಅರಕಿಲ್ಲೆಯೊಳಗಿನ ಕರೀಮುದ್ದೀನ್ ಮಸೀದಿಯಲ್ಲಿ. ಆದಿಲ್ ಶಾಹಿ ಆಳ್ವಿಕೆಗಿಂತ ಒಂದೂವರೆ ಶತಮಾನಕ್ಕೂ ಹಿಂದಿನ ಕಟ್ಟಡವದು. ಎದುರಿಗೆ ನಿಂತರೆ ದೇವಾಲಯದ ಮುಖಮಂಟಪವೇ ಕಣ್ಣಿಗೆ ಬೀಳುತ್ತದೆ. ಒಳಗೂ ಹಳೆಯ ದೇವಾಲಯಗಳ ಕಂಬಗಳೇ. ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬ, “ಸರ, ಇದು ಗುಡಿ ಏನ್ರೀ, ಮಸೂತಿ ಏನ್ರೀ?” ಎಂದು ಕೇಳಿದ. ಆಗ ತಡವರಿಸಿದೆ.

ಅಲ್ಲಿಯ ಶಾಸನ 1320ರದು. ಕಟ್ಟಿಸಿದಾತ ಮಲಿಕ್ ಕರೀಮುದ್ದೀನ್. ಅದರೊಡನೆ ಮತ್ತೊಂದು ಹೆಸರಿದೆ: ಸಾಲೋಟಗಿಯ ಬಡಗಿ ರೇವಯ್ಯ. ನಮ್ಮ ಇಂಡಿ ತಾಲೂಕಿನ ಸಾಲೋಟಗಿಯೇ ಅದು. 945ರ ರಾಷ್ಟ್ರಕೂಟ ಶಾಸನದಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳಿದ್ದ ಶಾಲೆಗಾಗಿ ಹೆಸರಾದ ಊರು. ಗುಡಿಯ ಕಂಬಗಳನ್ನು ಮಸೀದಿಗೆ ಹೊಂದಿಸಿದ ಕೈ ಆ ಊರಿನದು.

ಕಂಬಗಳು ಎಲ್ಲಿಂದ ಬಂದವೆಂಬ ನೋವಿನ ಸಂಗತಿಯನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ, ಅದೂ ಇತಿಹಾಸವೇ. ಆದರೆ ಕಲ್ಲು ಯಾರದೆಂಬ ವಾದದಲ್ಲಿ ಕೈ ಯಾರದೆಂಬುದನ್ನು ಮರೆಯುವುದು ಮಾತ್ರ ಅನ್ಯಾಯ. ಇಂಗ್ಲೆಂಡಿನ ಮಧ್ಯಯುಗದ ಊರ ಚರ್ಚುಗಳಲ್ಲಿಯೂ ಸಿರಿವಂತರ ಹೆಸರು ಗೋರಿಗಳ ಮೇಲೆ ಉಳಿಯಿತು. ಕಲ್ಲುಕುಟಿಗನದು ಬಹುಮಟ್ಟಿಗೆ ಗುರುತಿನ ಗೀರು ಮಾತ್ರ. ನಮ್ಮಲ್ಲಾದರೋ ಹೆಸರುಗಳೇ ಉಳಿದಿವೆ. ಇಬ್ರಾಹಿಂ ರೋಜಾದ ಶಾಸನವೂ ಅದನ್ನು ಕಟ್ಟಿದ ಮಲಿಕ್ ಸಂದಲ್‌ನನ್ನು ಸ್ಮರಿಸುತ್ತದೆ. ನಾಲ್ಕು, ಏಳು ಶತಮಾನಗಳ ಹಿಂದಿನ ಒಡೆಯರು ಕಲ್ಲಿನಲ್ಲಿ ತೋರಿದ ಈ ಔದಾರ್ಯವನ್ನು ನಾವು ಕಾಗದದ ಮೇಲೂ ತೋರದಿದ್ದರೆ ಹೇಗೆ?

ಸ್ಮಾರಕಗಳ ಫಲಕಗಳಲ್ಲಿ, ಶಾಲಾ ಪಾಠಗಳಲ್ಲಿ ಕಟ್ಟಿಸಿದವರ ಪಕ್ಕದಲ್ಲಿಯೇ ಕಟ್ಟಿದವರ ಹೆಸರೂ ದೊಡ್ಡಕ್ಷರಗಳಲ್ಲಿರಬೇಕೆಂಬುದು ನನ್ನ ಆಗ್ರಹ. ನಮ್ಮ ತರಗತಿಗಳಲ್ಲಿ ಗೌಂಡಿಗಳ, ಬಡಿಗೇರರ ಮಕ್ಕಳು ಕುಳಿತಿರುತ್ತಾರೆ. ಇತಿಹಾಸದಲ್ಲಿ ತಮ್ಮ ಅಪ್ಪನ ಕಸುಬಿಗೂ ಒಂದು ಹೆಸರಿದೆಯೆಂದು ಅವರಿಗೆ ತಿಳಿಯಬೇಡವೇ?

ಅಂದು ಕೇಳಿದ ವಿದ್ಯಾರ್ಥಿ ಇಂದು ಎದುರಾದರೆ ಹೇಳುವೆ: “ತಮ್ಮಾ, ಇದು ಮಸೂತಿ. ಕಂಬ ಗುಡಿಯವು. ಕಟ್ಟಿದಾತ ನಮ್ಮ ಸಾಲೋಟಗಿಯ ರೇವಯ್ಯ. ಮೂರನ್ನೂ ಬರೆದರೆ ಮಾತ್ರ ಪೂರ್ಣ ಅಂಕ.”